ಬಳ್ಳಾರಿಯ ಹಂದಿ ಮಾಂಸದಂಗಡಿ: ಲಿವರ್ ತಗೊಳ್ಳಿ, ಬೋಟಿ ಬಿಡಿ

ಬಳ್ಳಾರಿಯಲ್ಲಿ ಕುರಿ ಬೋಟಿ, ತಲೆಮಾಂಸ, ಕಾಲು ಬೇಕಂದರೆ ಎಲ್ಲಿ ಹೋದರೂ ಸಿಗುತ್ತದೆ. ಹಂದಿಯದು ಹಾಗಲ್ಲ. ಮಾಂಸ ಮಾರುವವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ, ಆದರೆ ಲಿವರ್ ಇದೆಯಾ, ಕಾಲು ಇದೆಯಾ, ಕೊಬ್ಬು ಬೇರೆ ಕೊಡ್ತೀರಾ ಅಂತ ಕೇಳಿದರೆ ಕೆಲವರು "ಬೆಳಿಗ್ಗೇನೇ ಖಾಲಿ" ಅಂತಾರೆ, ಇನ್ನು ಕೆಲವರು ಸುಮ್ನೆ ಮುಖ ನೋಡ್ತಾರೆ. ಕಂಟೋನ್ಮೆಂಟ್ ಕಡೆ ಇರುವ ಈ ಸಣ್ಣ ಅಂಗಡಿಯಲ್ಲಿ ಇವನ್ನೆಲ್ಲ ಧೈರ್ಯವಾಗಿ ಕೇಳಬಹುದು. ಹೆಸರು ಹಾಕುತ್ತಿಲ್ಲ. ಹೊಗಳುವುದರ ಜೊತೆ ಬೈಯುವುದೂ ಇದೆ.

ಮೊದಲು ಲಿವರ್. ಇಲ್ಲಿನ ಲಿವರ್ ನಿಜಕ್ಕೂ ಚೆನ್ನಾಗಿದೆ. ಕಡುಗೆಂಪು ಬಣ್ಣ, ಮೇಲ್ಮೈ ನುಣ್ಣಗೆ, ಬೆರಳಲ್ಲಿ ಒತ್ತಿದರೆ ಮತ್ತೆ ಮೇಲೇಳುತ್ತದೆ, ವಾಸನೆ ಇಲ್ಲ. ಅಂಗಡಿಯವರು ಪಿತ್ತದ ಚೀಲ ತೆಗೆಯುವುದನ್ನು ನೋಡಬೇಕು. ಚಾಕು ಬದಿಗಿಟ್ಟು, ಹೆಬ್ಬೆರಳಿಂದ ಮೆಲ್ಲಗೆ ಬಿಡಿಸಿ, ಬುಡ ಹಿಡಿದು ಒಂದು ತುಂಡು ಲಿವರ್ ಸಮೇತ ಕತ್ತರಿಸಿ ಎಸೆಯುತ್ತಾರೆ. ಆ ತುಂಡು ನಷ್ಟ ಅಲ್ವಾ ಅಂದರೆ "ಚೀಲ ಒಡೆದ್ರೆ ಇಡೀ ಲಿವರ್ ಕಹಿ ಅಕ್ಕಾ, ನೀವೇ ವಾಪಸ್ ತಂದು ಮುಖಕ್ಕೆ ಎಸೀತೀರಿ" ಅಂದರು.

ನಾನು ಹೋದಾಗ ಮಾಂಸ ಕೆಜಿಗೆ 300 ಇತ್ತು, ಲಿವರ್ 160, ಕಾಲು ಅದಕ್ಕಿಂತ ಕಡಿಮೆ. ದುಡ್ಡಿನ ಲೆಕ್ಕದಲ್ಲಿ ಮೋಸ ಇಲ್ಲ. ಆದರೆ ಬೇಕಾದ ದಿನ ಸಿಗುವುದಿಲ್ಲ ಎಂಬ ಗೊಣಗಾಟ ಎಲ್ಲರದ್ದೂ ಇದೆ. ಅದು ಅಂಗಡಿಯವರ ತಪ್ಪಲ್ಲ ಬಿಡಿ. ಒಂದು ಹಂದಿಗೆ ಒಂದೇ ಲಿವರ್, ಒಂದೂವರೆ ಕೆಜಿ ಆಸುಪಾಸು. ಲಿವರ್‌ಗೋಸ್ಕರ ಯಾರೂ ಹಂದಿ ಕೊಯ್ಯುವುದಿಲ್ಲ, ಮಾಂಸ ಎಷ್ಟು ಹೋಗುತ್ತದೋ ಅದರ ಮೇಲೆ ಇದೆಲ್ಲ. ಭಾನುವಾರ ಎರಡು ಹಂದಿ ಬಿದ್ದರೆ ಲಿವರ್ ಸಿಗುತ್ತದೆ, ಶ್ರಾವಣದಲ್ಲಿ ವ್ಯಾಪಾರವೇ ಇಲ್ಲದಿದ್ದರೆ ಕಾಲೂ ಸಿಗುವುದಿಲ್ಲ. ತೋರಣಗಲ್ಲು ಕಡೆ ಕೆಲಸಕ್ಕೆ ಬಂದಿರುವ ಹೊರರಾಜ್ಯದ ಹುಡುಗರು ತಲೆ, ಕಾಲು ಮೊದಲೇ ಫೋನಲ್ಲಿ ಹೇಳಿ ಇಡಿಸುತ್ತಾರೆ. ನೀವೂ ಹಾಗೇ ಮಾಡಿ.

ತಮಾಷೆ ಅಂದರೆ ಇಲ್ಲಿ ಕೆಲವರು ಮೂಗು ಮುರಿಯುವ ಇದೇ ಕಾಲು, ಕಿವಿ, ಕರುಳು ಹೊರಗೆ ದೊಡ್ಡ ವ್ಯಾಪಾರ. ಯುರೋಪಿನಲ್ಲಿ ಇವನ್ನು ತಿನ್ನುವವರು ಕಡಿಮೆ, ಹಾಗಾಗಿ ಸ್ಪೇನ್, ಡೆನ್ಮಾರ್ಕ್ ಕಡೆಯಿಂದ ಕಂಟೇನರ್‌ಗಟ್ಟಲೆ ಚೀನಾಕ್ಕೆ ಹೋಗುತ್ತವೆ. 2024ರ ಜೂನ್‌ನಲ್ಲಿ ಚೀನಾ ಯುರೋಪಿನ ಹಂದಿ ಮಾಂಸದ ಮೇಲೆ, ಕರುಳು, ಹೊಟ್ಟೆ ಎಲ್ಲ ಸೇರಿಸಿ, ಅಗ್ಗದ ಬೆಲೆಗೆ ಸುರಿಯುತ್ತಿದ್ದಾರೆ ಅಂತ ತನಿಖೆ ಶುರು ಮಾಡಿದಾಗ ಅಲ್ಲಿನ ಸಾಕಣೆದಾರರು ತಲೆಗೆ ಕೈ ಹೊತ್ತು ಕೂತರು. ಚೀನಾ ಬಿಟ್ಟರೆ ಅಷ್ಟು ಕಿವಿ, ಕಾಲು ಕೊಳ್ಳುವವರು ಇನ್ಯಾರು?

ಈಗ ಬೋಟಿಗೆ ಬರೋಣ. ಇಲ್ಲಿ ಬೋಟಿ ತಗೋಬೇಡಿ. ಕರುಳು ತೊಳೆಯುವ ಪ್ಲಾಸ್ಟಿಕ್ ಟಬ್ ಒಂದೇ, ನೀರು ಬದಲಾಯಿಸುವುದು ಕಡಿಮೆ, ಕರುಳು ತೊಳೆದ ಅದೇ ಕೈಯಲ್ಲಿ ಲಿವರ್ ಎತ್ತಿ ಕೊಡುತ್ತಾರೆ, ಕೊಚ್ಚುವ ಮರದ ಕೊರಡೂ ಒಂದೇ. ಹಂದಿ ಕರುಳಲ್ಲಿ ಯೆರ್ಸಿನಿಯಾ, ಸಾಲ್ಮೊನೆಲ್ಲಾ ಥರದ ಬ್ಯಾಕ್ಟೀರಿಯಾ ಇರಬಹುದು. ಬೇಯಿಸಿದರೆ ಸಾಯುತ್ತವೆ ನಿಜ. ಆದರೆ ತೊಳೆಯುವಾಗ ಸಿಡಿಯುವ ನೀರು, ಸಿಂಕು, ಕೈ, ಪಕ್ಕದಲ್ಲಿಟ್ಟ ಸೌತೆಕಾಯಿ, ಇವುಗಳಿಂದಲೇ ತೊಂದರೆ. ಅಮೆರಿಕದಲ್ಲಿ ಮನೆಯಲ್ಲಿ ಹಂದಿ ಕರುಳು ತೊಳೆಯುವ ದಿನ ಚಿಕ್ಕ ಮಕ್ಕಳನ್ನು ಅಡುಗೆಮನೆಗೆ ಬಿಡಬೇಡಿ, ಮೊದಲು 5 ನಿಮಿಷ ಕುದಿಸಿ ಆಮೇಲೆ ತೊಳೆಯಿರಿ ಅಂತ ಆರೋಗ್ಯ ಇಲಾಖೆಯವರೇ ಹೇಳುತ್ತಾರೆ. ಬೇರೆ ಟಬ್ ಇಡಿ ಅಣ್ಣ ಅಂತ ಅಂಗಡಿಯವರಿಗೆ ಹೇಳಿದೆ. "ಜಾಗ ಎಲ್ಲಿದೆ ಅಕ್ಕಾ" ಅಂದರು. ಜಾಗ ಇಲ್ಲ, ಒಪ್ಪುತ್ತೇನೆ. ಎರಡನೇ ಕೊರಡು ಇಡಲು ಎಷ್ಟು ಜಾಗ ಬೇಕು?

ಹುಳದ ಭಯ ಎಲ್ಲರಿಗೂ ಇರುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲಾಡಿಹುಳದ ಮರಿಕೋಶ ಇರುವ ಮಾಂಸದಲ್ಲಿ ನೆನೆದ ಸಬ್ಬಕ್ಕಿಯಂಥ ಬಿಳಿ ಗುಳ್ಳೆ ಕಾಣುತ್ತದೆ. ಗುಂಡಿಗೆ, ನಾಲಿಗೆಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ, ಹಾಗಾಗಿ ಗುಂಡಿಗೆಯನ್ನು ಎದುರಿಗೇ ಸೀಳಿಸಿ ನೋಡಿ. ಇಲ್ಲಿ ಕೇಳಿದರೆ ಬೇಸರ ಇಲ್ಲದೆ ಸೀಳಿ ತೋರಿಸುತ್ತಾರೆ. ಅಂಥ ಮಾಂಸ ಅರೆಬರೆ ಬೇಯಿಸಿ ತಿಂದರೆ ಹೊಟ್ಟೆಯಲ್ಲಿ ಹುಳ ಆಗುತ್ತದೆ. ಮೆದುಳಿಗೆ ಹೋಗಿ ಫಿಟ್ಸ್ ತರುವುದು ಬೇರೆ ದಾರಿ. ಹುಳ ಇರುವ ಮನುಷ್ಯರ ಮಲದ ಮೂಲಕ ಅದರ ಮೊಟ್ಟೆ ನೀರಿಗೆ, ಸೊಪ್ಪಿಗೆ, ಕೈಗೆ ಸೇರಿ ಬಾಯಿಗೆ ಹೋದರೆ ಹಾಗಾಗುತ್ತದೆ. ಹಂದಿ ಮುಟ್ಟದ ಸಸ್ಯಾಹಾರಿಗೂ ಆಗಬಹುದು. ಹಂದಿಗೆ ಅಂಟುವುದೂ ಬಯಲಲ್ಲಿ ಮಲ ತಿಂದಾಗ. ಕಟ್ಟಿ ಸಾಕಿದ ಬಿಳಿ ಫಾರಂ ಹಂದಿಯನ್ನೇ ಕೇಳಿ ಅನ್ನುವುದು ಇದಕ್ಕೇ.

ನಮ್ಮ ಕಡೆ ಇನ್ನೊಂದು ಮಾತು ಓಡಾಡುತ್ತದೆ, ಹಂದಿ ತಿಂದರೆ ಮೆದುಳುಜ್ವರ ಬರುತ್ತದೆ ಅಂತ. ಆ ಜ್ವರ, ಅಂದರೆ ಜಪಾನೀಸ್ ಎನ್ಸೆಫಲೈಟಿಸ್, ತಿನ್ನುವುದರಿಂದ ಬರಲ್ಲ, ಸೊಳ್ಳೆಯಿಂದ ಬರುತ್ತದೆ. ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆ ನೀರಲ್ಲಿ ಆ ಸೊಳ್ಳೆ ಹುಟ್ಟುತ್ತದೆ, ಹಂದಿಯ ರಕ್ತದಲ್ಲಿ ವೈರಸ್ ಬೆಳೆಯುತ್ತದೆ. ಹಂದಿ ಮನೆ ಪಕ್ಕ ಇರಬಾರದು, ಮಗುವಿಗೆ 9 ತಿಂಗಳಿಗೆ ಆ ಲಸಿಕೆ ಹಾಕಿಸಬೇಕು, ಅಷ್ಟೇ.

ಎಲ್ಲಿಂದ ಬರುತ್ತದೆ ಅಂತ ಕೇಳಿದ್ದಕ್ಕೆ ಅನಂತಪುರ ಕಡೆಯ ಫಾರಂ ಅಂದರು. ಮೇವು ರೈಸ್ ಮಿಲ್ ತೌಡು, ಜೊತೆಗೆ ಹೋಟೆಲಲ್ಲಿ ಉಳಿದ ಅನ್ನ. ಕುದಿಸಿಯೇ ಹಾಕುತ್ತಾರಂತೆ. ಈ "ಅಂತೆ" ನನಗೆ ಸಮಾಧಾನ ಕೊಡಲಿಲ್ಲ. ಆಫ್ರಿಕನ್ ಹಂದಿಜ್ವರ ನಮ್ಮ ದೇಶದಲ್ಲಿ ಮೊದಲು 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡಿತು. ಮನುಷ್ಯರಿಗೆ ಅಂಟಲ್ಲ, ಆದರೆ ಹಂದಿಗೆ ಬಂದರೆ ಗೂಡೇ ಖಾಲಿ, ಔಷಧಿ ಇಲ್ಲ. ಫ್ರೀಜರ್‌ನಲ್ಲಿಟ್ಟ ಮಾಂಸದಲ್ಲೂ ಆ ವೈರಸ್ ತಿಂಗಳುಗಟ್ಟಲೆ ಬದುಕುತ್ತದೆ, ಹೋಟೆಲ್ ಎಂಜಲಿನ ಜೊತೆ ಒಂದು ಹಂದಿ ಮಾಂಸದ ತುಣುಕು ಹೋದರೂ ಸಾಕು. ಹಾಗಾದರೆ ಬೆಲೆ ಏರುತ್ತದೆ, ಲಿವರ್ ಕಾಣುವುದೇ ಇಲ್ಲ.

ಗೋಡೆ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ನೋಂದಣಿ ಇದೆ, ಒಳ್ಳೇದು. ಆದರೆ ಕೊಯ್ಯುವುದು ಎಲ್ಲಿ ಅಂದರೆ "ಊರ ಹೊರಗೆ" ಅಂತ ಕೈ ತೋರಿಸುತ್ತಾರೆ. 2001ರ ಕಸಾಯಿಖಾನೆ ನಿಯಮದ ಪ್ರಕಾರ ಪಶುವೈದ್ಯರು ನೋಡಿ ಸರಿ ಅಂದಮೇಲೆ ಕೊಯ್ಯಬೇಕು. ಅಂಥ ಕಾಗದ ಕೇಳಿದರೆ ನಗುತ್ತಾರೆ. ಇದೇ ಈ ಅಂಗಡಿಗೆ ನಾನು ಪೂರ್ತಿ ಅಂಕ ಕೊಡದಿರುವುದಕ್ಕೆ ಕಾರಣ. ಲಿವರ್‌ನಲ್ಲಿ ಗುಳ್ಳೆ, ಕೀವು ಇದೆಯಾ ಅಂತ ಕೊಯ್ದ ಜಾಗದಲ್ಲೇ ಬಲ್ಲವರು ನೋಡಬೇಕು, ಚೂರು ಮಾಡಿ ಟ್ರೇಗೆ ಬಂದಮೇಲೆ ನಮಗೇನು ಗೊತ್ತಾಗುತ್ತದೆ?

ಬೇಯಿಸುವುದರ ಬಗ್ಗೆ ಒಂದೇ ಮಾತು. ಒಳಗೆ ಕೆಂಪು ಉಳಿಯುವ ಹಾಗೆ ಲಿವರ್ ಹುರಿಯಬೇಡಿ, ಅದರಲ್ಲಿ ಕಾಮಾಲೆ ತರುವ ಹೆಪಟೈಟಿಸ್ ಇ ವೈರಸ್ ಇರಬಹುದು. 71 ಡಿಗ್ರಿ ಕನಿಷ್ಠ ಅನ್ನುತ್ತಾರೆ, ನಮ್ಮನೆಯಲ್ಲಿ ಥರ್ಮಾಮೀಟರ್ ಇಲ್ಲ, ಕತ್ತರಿಸಿದಾಗ ಮಧ್ಯದವರೆಗೂ ಬೂದು ಬಣ್ಣ ಬರುವ ತನಕ ಬೇಯಿಸಿ, ಆಮೇಲೂ ಸ್ವಲ್ಪ ಹೊತ್ತು ಮುಚ್ಚಿಡುತ್ತೇನೆ. ಗರ್ಭಿಣಿಯರು ಲಿವರ್ ಬಿಡಬೇಕು, ಅದರಲ್ಲಿ ವಿಟಮಿನ್ ಎ ಸಿಕ್ಕಾಪಟ್ಟೆ. ಯೂರಿಕ್ ಆಸಿಡ್ ಹೆಚ್ಚಿರುವವರೂ ದೂರ ಇರಿ.

ಕೊಬ್ಬು ಕೇಳಿದರೆ ಕಿಡ್ನಿ ಸುತ್ತಲಿನದು ಕೇಳಿ. ಸಣ್ಣ ಉರಿಯಲ್ಲಿ ಕರಗಿಸಿದರೆ ಬಿಳಿ, ವಾಸನೆ ಇಲ್ಲದ ಕೊಬ್ಬು ಬರುತ್ತದೆ. ಅದರಲ್ಲೇ ಬೆಳ್ಳುಳ್ಳಿ, ಬ್ಯಾಡಗಿ ಖಾರ, ಮೆಣಸು ಹಾಕಿ ಲಿವರ್ ಹುರಿದು ಜೋಳದ ರೊಟ್ಟಿ ಜೊತೆ ತಿನ್ನಿ.

ಬೇಸಿಗೆಯಲ್ಲಿ ಹೋಗುವುದಾದರೆ ಬೆಳಿಗ್ಗೆ 8ರ ಒಳಗೆ ಹೋಗಿ. ಫ್ರೀಜರ್ ಇದೆ, ಆದರೆ ಲಿವರ್ ಟ್ರೇ ಹೊರಗೇ ಇರುತ್ತದೆ, 40 ಡಿಗ್ರಿ ಬಿಸಿಲಿಗೆ ಮಾಂಸಕ್ಕಿಂತ ಮೊದಲು ಕೆಡುವುದು ಅದೇ. ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯಿರಿ, ಅವರ ಕಪ್ಪು ಕವರ್ ಸೋರುತ್ತದೆ. ಫೋನ್‌ಪೇ ನಡೆಯುತ್ತದೆ, ಬುಧವಾರ ರಜೆ.