‘ಗೆಟ್’ ಒಂದಕ್ಕೇ ಒಂದು ವಾರ: ಮಡಿಕೇರಿಯ ಒಂದು ಸಂಜೆ ಇಂಗ್ಲಿಷ್ ಕ್ಲಾಸ್

ಮಡಿಕೇರಿಯಲ್ಲಿ ಸಂಜೆ ಹೊತ್ತು ನಡೆಯುವ ಒಂದು ಸಣ್ಣ ಇಂಗ್ಲಿಷ್ ಕ್ಲಾಸಿಗೆ ಒಂದು ತಿಂಗಳು ಹೋದೆ. ಫೀಸು 1,500 ರೂಪಾಯಿ. ವಾರಕ್ಕೆ 5 ದಿನ, ದಿನಕ್ಕೆ ಒಂದು ಗಂಟೆ. ಅಂಗಡಿಯ ಮಹಡಿ ಮೇಲೆ ಒಂದೇ ರೂಮು, ಒಟ್ಟು 11 ಜನ ಇದ್ದೆವು. ಕಲಿಸುವವರು ರಿಟೈರ್ ಆದ ಟೀಚರ್. ಹೇಗಿದೆ, ಸೇರಬಹುದಾ ಅಂತ ತುಂಬಾ ಜನ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಗಾಳಿಬೀಡು ಕಡೆ ನಮ್ಮದೊಂದು ಹೋಂಸ್ಟೇ ಇದೆ. ಇದಕ್ಕೂ ಮೊದಲು ಬೇರೆ ಊರಲ್ಲಿ ಒಂದು ಕೋರ್ಸಿಗೆ ದುಡ್ಡು ಕಟ್ಟಿದ್ದೆ. ಅಲ್ಲಿ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುತ್ತಿದ್ದರು. ಗೋ ಅಂದರೆ ಹೋಗು, ಈಟ್ ಅಂದರೆ ತಿನ್ನು, ಗೆಟ್ ಅಂದರೆ ಪಡೆ. ಆಮೇಲೆ ಒಂದು ದಿನ ಜೋರು ಮಳೆಯಲ್ಲಿ ಗೆಸ್ಟ್ ಒಬ್ಬರು ಓಡಿ ಬಂದು “ವೀ ಗಾಟ್ ವೆಟ್, ಇಟ್ಸ್ ಗೆಟಿಂಗ್ ಡಾರ್ಕ್, ಕ್ಯಾನ್ ಯು ಗೆಟ್ ಅಸ್ ಸಮ್ ಟವೆಲ್ಸ್?” ಅಂದರು. ಒಂದೇ ಉಸಿರಿಗೆ ಮೂರು ಗೆಟ್! ಯಾರು ಏನನ್ನು ಪಡೆದರು ಅಂತ ಯೋಚಿಸುತ್ತಾ ನಾನು ನಿಂತೇ ಇದ್ದೆ, ಅವರ ಜೊತೆಗಿದ್ದ ಮಗು ಚಳಿಗೆ ನಡುಗುತ್ತಿತ್ತು. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಈ ಕ್ಲಾಸಿನಲ್ಲಿ ಎರಡನೇ ವಾರ ಪೂರ್ತಿ ಗೆಟ್ ಒಂದೇ. ಮೊದಲ ದಿನ ಟೀಚರ್ ಅದರ ಅರ್ಥವನ್ನೇ ಹೇಳಲಿಲ್ಲ. ಬೋರ್ಡಿನ ಮೇಲೆ ಕನ್ನಡದಲ್ಲಿ ‘ಹಾಕು’ ಅಂತ ಬರೆದರು. ಬಟ್ಟೆ ಹಾಕು, ಬೀಗ ಹಾಕು, ಲೈಟ್ ಹಾಕು, ತೋಟಕ್ಕೆ ಗೊಬ್ಬರ ಹಾಕು, ಪಂದಿಕರಿಗೆ (ನಮ್ಮ ಕೊಡಗಿನ ಹಂದಿ ಮಾಂಸದ ಅಡುಗೆ) ಕಾಚಂಪುಳಿ ಅನ್ನುವ ಹುಳಿ ಹಾಕು. “ಇದಕ್ಕೆಲ್ಲ ಸೇರಿಸಿ ಒಂದೇ ಅರ್ಥ ಹೇಳಿ ನೋಡೋಣ” ಅಂದರು. ಯಾರಿಗೂ ಆಗಲಿಲ್ಲ. ಗೆಟ್ ಕೂಡ ಹಾಗೇ, ಪಕ್ಕದಲ್ಲಿ ಏನಿದೆ ಅಂತ ನೋಡಿದರೆ ಮಾತ್ರ ಗೊತ್ತಾಗುವುದು.

ಪಕ್ಕದಲ್ಲಿ ವಸ್ತು ಬಂದರೆ ಸಾಮಾನ್ಯವಾಗಿ ‘ಸಿಗು’ ಅಥವಾ ‘ತಂದುಕೊಡು’. ವೆಟ್, ಡಾರ್ಕ್, ಟೈರ್ಡ್ ಥರದ ಪದ ಬಂದರೆ ನಮ್ಮ ‘ಆಗು’: ಒದ್ದೆಯಾಗು, ಕತ್ತಲಾಗು, ಸುಸ್ತಾಗು. ಜಾಗ ಬಂದರೆ ‘ತಲುಪು’: ಗೆಟ್ ಟು ಮಡಿಕೇರಿ. ಆದರೆ ಮನೆಗೆ ಬರೀ ಗೆಟ್ ಹೋಮ್, ಟು ಬೇಡ. ‘ನನಗೆ ಕೆಲಸ ಸಿಕ್ಕಿತು’ ಅನ್ನುವಾಗ ನಾವು ‘ನನಗೆ’ ಅನ್ನುತ್ತೇವೆ, ಇಂಗ್ಲಿಷಿನಲ್ಲಿ ಅದು ‘ಐ’ ಆಗುತ್ತದೆ. ನಮ್ಮಲ್ಲಿ ಜಾಸ್ತಿ ಜನ ಎಡವುತ್ತಿದ್ದದ್ದು ಇಲ್ಲೇ.

ನನಗೆ ತುಂಬಾ ಇಷ್ಟವಾಗಿದ್ದು ಮೂರನೇ ದಿನದ ಪಾಠ. ಮಾಂದಲಪಟ್ಟಿಗೆ ಜೀಪ್ ಓಡಿಸುವ ಅಣ್ಣ ಒಬ್ಬರು “ಐ ರಿಪೇರ್ಡ್ ಮೈ ಜೀಪ್” ಅಂದರು.

“ನೀವೇ ಮಾಡಿದ್ರಾ, ಮಾಡಿಸಿದ್ರಾ?” ಅಂತ ಟೀಚರ್ ಕೇಳಿದರು.

“ಮಾಡಿಸಿದ್ದು ಟೀಚರ್, ಗ್ಯಾರೇಜಲ್ಲಿ.”

“ಹಾಗಾದ್ರೆ ಆ ‘ಇಸು’ ಎಲ್ಲಿ ಹೋಯ್ತು? ಅದಕ್ಕೇ ಗೆಟ್ ಬೇಕಾಗಿರೋದು.”

“ಐ ಗಾಟ್ ಮೈ ಜೀಪ್ ರಿಪೇರ್ಡ್.” ವಸ್ತು ನಡುವೆ, ಕೆಲಸದ ಮೂರನೇ ರೂಪ ಕೊನೆಗೆ. ಆಮೇಲೆ ಎಲ್ಲರೂ ಶುರು ಮಾಡಿದರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರು ಮೆಣಸು ಕುಯ್ಯಿಸಿದ್ದನ್ನು “ವೀ ಗಾಟ್ ದ ಪೆಪ್ಪರ್ ಪಿಕ್ಡ್” ಅಂದರು. ನಾನು ಮನೆಗೆ ಬಣ್ಣ ಹೊಡೆಸಿದ್ದು ಹೇಳಿದೆ. ಕಟ್ಟಿಸು, ಹೊಲಿಸು, ತೊಳೆಸು ಅಂತ ದಿನಾ ನಾವು ಆಡುವ ಮಾತಿಗೆ ಇಂಗ್ಲಿಷಿನಲ್ಲಿ ಇಷ್ಟು ಸರಿಯಾದ ಜೋಡಿ ಇದೆ ಅಂತ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಹತ್ತುವುದು ಇಳಿಯುವುದರ ಪಾಠವೂ ಕೆಲಸಕ್ಕೆ ಬಂತು. ಬಸ್ಸಿಗೆ ಗೆಟ್ ಆನ್, ಗೆಟ್ ಆಫ್. ಕಾರು, ಜೀಪಿಗೆ ಗೆಟ್ ಇನ್, ಗೆಟ್ ಔಟ್ ಆಫ್. ಒಳಗೆ ಎದ್ದು ಓಡಾಡುವಷ್ಟು ಜಾಗ ಇದ್ದರೆ ಆನ್ ಅಂತ ನೆನಪಿಟ್ಟುಕೊಳ್ಳಿ ಅಂದರು. ನಾವೆಲ್ಲ ಹೇಳುವ ‘ಗೆಟ್ ಡೌನ್’ ನಮ್ಮ ದೇಶದಲ್ಲಿ ನಡೆಯುತ್ತದೆ, ಹೊರಗಿನವರು ಬಸ್ ಇಳಿಯುವುದಕ್ಕೆ ‘ಗೆಟ್ ಆಫ್’ ಅನ್ನುತ್ತಾರೆ. ಜೀಪಿನಲ್ಲಿ ಕೂತ ಗೆಸ್ಟಿಗೆ ಸುಮ್ನೆ ‘ಗೆಟ್ ಔಟ್’ ಅಂದರೆ ಮಾತ್ರ ‘ತೊಲಗು’ ಅಂದ ಹಾಗೆ ಕೇಳಿಸುತ್ತದೆ. ಜೀಪ್ ಅಣ್ಣ ಇದನ್ನು ಎರಡು ಸಲ ಬರೆದುಕೊಂಡರು.

ಕೊರತೆ ಇಲ್ಲ ಅಂತಲ್ಲ. ಅಚ್ಚು ಹಾಕಿದ ನೋಟ್ಸ್ ಕೊಡುವುದಿಲ್ಲ, ಎಲ್ಲಾ ನಾವೇ ಬರೆದುಕೊಳ್ಳಬೇಕು, ಒಂದು ದಿನ ತಪ್ಪಿಸಿದರೆ ಅಷ್ಟೂ ಹೋಯಿತು. ಉಚ್ಚಾರಣೆಗೆ ಸಮಯ ಕಡಿಮೆ. ಗೆಟ್‌ನ ಮೂರನೇ ರೂಪಕ್ಕೆ ಅಮೆರಿಕದವರು ‘ಗಾಟ್’ ಬದಲು ‘ಗಾಟನ್’ ಅನ್ನುತ್ತಾರಲ್ಲ ಅಂತ ಒಬ್ಬರು ಕೇಳಿದಾಗ, ಅದೂ ಸರಿ, ಅಲ್ಲಿ ಹಾಗೇ ಅಂತ ಹೇಳಿ ಮುಂದೆ ಹೋಗಿಬಿಟ್ಟರು. ‘ಐ ಹ್ಯಾವ್ ಗಾಟ್ ಟೂ ಕಿಡ್ಸ್’ ಅಂದರೆ ಸಿಕ್ಕಿದ್ದಲ್ಲ, ಬರೀ ‘ಇದ್ದಾರೆ’ ಅಂತ. ಅದಕ್ಕೆ ಇನ್ನೂ ಅರ್ಧ ಗಂಟೆಯಾದರೂ ಕೊಡಬೇಕಿತ್ತು. ಪರೀಕ್ಷೆಗೆ ಓದುವವರಿಗೆ ಇದು ಸಾಲದು.

ಹೋದ ವಾರ ಗೆಸ್ಟ್ ಒಬ್ಬರು “ಹೌ ಡು ವೀ ಗೆಟ್ ಟು ತಲಕಾವೇರಿ?” ಅಂತ ಕೇಳಿದರು. ಭಾಗಮಂಡಲದ ಬಸ್ಸಿಗೆ ಗೆಟ್ ಆನ್, ಅಲ್ಲಿ ಗೆಟ್ ಆಫ್, ಆಮೇಲೆ 8 ಕಿಲೋಮೀಟರ್, ಕತ್ತಲಾಗುವ ಮುಂಚೆ ಗೆಟ್ ಬ್ಯಾಕ್ ಅಂತ ಪೂರ್ತಿ ಹೇಳಿದೆ. ಎಲ್ಲೂ ನಿಲ್ಲಿಸಲಿಲ್ಲ.

ಕ್ಲಾಸು ಬಿಡುವುದು ಆರೂವರೆಗೆ. ನಾಪೋಕ್ಲು ಕಡೆಯವರು ವಾಪಸ್ ಹೋಗುವ ಬಸ್ಸಿನ ಟೈಮ್ ಕೇಳಿಕೊಂಡೇ ಸೇರಿ. ದಪ್ಪ ನೋಟ್‌ಬುಕ್ ಒಂದು ತಗೊಳ್ಳಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಬೋರ್ಡ್ ಕಾಣುವುದಿಲ್ಲ, ಒಂದು ಟಾರ್ಚೂ ಬ್ಯಾಗಿನಲ್ಲಿರಲಿ.