ಕದ್ರಿ ಕಡೆಯ ಹಲ್ಲಿನ ಕ್ಲಿನಿಕ್: ಡಾಕ್ಟ್ರಿಗೆ ಫುಲ್ ಮಾರ್ಕ್, ಮೆಟ್ಟಿಲಿಗೆ ಸೊನ್ನೆ

ನಮ್ಮಣ್ಣನ ಮಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಉಂಟು, ಅಂದ್ರೆ ಮೈಯ ಸ್ನಾಯುಗಳು ವರ್ಷ ಹೋದ ಹಾಗೆ ಸೋಲುವ ಕಾಯಿಲೆ, ಓಡಾಟ ಎಲ್ಲ ವೀಲ್‌ಚೇರಲ್ಲೇ. ದವಡೆ ಹಲ್ಲೊಂದು ಪೂರಾ ಹಾಳಾಗಿತ್ತು, ಕೀಳಿಸ್ಲಿಕ್ಕೆ ಅಂತ ಹೋದಲ್ಲೆಲ್ಲ ಒಂದೋ "ಇವನಿಗೆ ಇಂಜೆಕ್ಷನ್ ಕೊಡ್ಲಿಕ್ಕೆ ಆಗುದಿಲ್ಲ", ಇಲ್ಲಾಂದ್ರೆ "ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಮಾಡುವ". ಎರಡ್ನೇದು ಕೇಳಿ ಎದೆ ಧಸಕ್ ಅಂತು ಮಾರಾಯ್ರೇ, ಯಾಕಂದ್ರೆ ಈ ಕಾಯಿಲೆಯವ್ರಿಗೆ ಪ್ರಜ್ಞೆ ತಪ್ಪಿಸುವಾಗ ಸ್ನಾಯು ಸಡಿಲ ಮಾಡ್ಲಿಕ್ಕೆ ಹಾಕುವ ಸಕ್ಸಿನೈಲ್‌ಕೋಲಿನ್ ಕೊಟ್ರೆ ಸ್ನಾಯು ಒಡೆದು ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹಾರ್ಟೇ ನಿಲ್ಬಹುದು, ಹ್ಯಾಲೊಥೇನ್ ಸೆವೊಫ್ಲುರೇನ್ ತರದ ಪ್ರಜ್ಞೆ ತಪ್ಪಿಸುವ ಗ್ಯಾಸೂ ಬೇಡ ಅಂತ ನ್ಯೂರೋ ಡಾಕ್ಟ್ರು ಮೊದ್ಲೇ ಹೇಳಿದ್ರು.

ಇಲ್ಲಿನ ಮೇಡಂ ಬಾಯಿ ತೆರೆಸುವ ಮೊದ್ಲು ಫೈಲ್ ಕೇಳಿದ್ರು. ಎಕೋ (ಹಾರ್ಟಿನ ಸ್ಕ್ಯಾನ್) ಯಾವಾಗ ಮಾಡಿಸಿದ್ದು, ಈ ಕಾಯಿಲೆಗೆ ಕೊಡುವ ಸ್ಟೀರಾಯ್ಡ್ ಎಷ್ಟು ವರ್ಷದಿಂದ, ಮಲಗಿದ್ರೆ ಉಸಿರು ಕಟ್ತದಾ, ಎಲ್ಲ ಕೇಳಿ ಬರ್ಕೊಂಡು ನಮ್ಮೆದುರೇ ಹಾರ್ಟಿನ ಡಾಕ್ಟ್ರಿಗೆ ಫೋನ್ ಮಾಡಿದ್ರು. ಆಮೇಲೆ ಹುಡುಗನಿಗೇ ಬಿಡಿಸಿ ಹೇಳಿದ್ದು, ಲಿಗ್ನೊಕೇನ್ ಅಂದ್ರೆ ಮರಗಟ್ಟಿಸುವ ಇಂಜೆಕ್ಷನ್, ಆ ಜಾಗದ ನರದ ಸಿಗ್ನಲ್ ತಡೀತದೆ ಅಷ್ಟೇ, ಆ ಗ್ಯಾಸಿನ ತರ ಮೈಯ ಸ್ನಾಯುವಿಗೆ ಏನೂ ಮಾಡುದಿಲ್ಲ, ನೋಡ್ಬೇಕಾದ್ದು ಅದ್ರೊಟ್ಟಿಗೆ ಬರುವ ಅಡ್ರಿನಲಿನ್, ಅದು ಹಾರ್ಟ್ ಜೋರು ಬಡಿಸ್ತದೆ, ಯಾಕಂದ್ರೆ ಡುಶೆನ್‌ನಲ್ಲಿ ಹೃದಯವೂ ಸ್ನಾಯುವೇ ಅಲ್ವಾ, ಅದೂ ಸೋತಿರ್ತದೆ. ಹಾಗಾಗಿ ಅಡ್ರಿನಲಿನ್ ಮಾಮೂಲಿ 1:80,000 ಇರುವ ಇಂಜೆಕ್ಷನ್ ಬಿಟ್ಟು, ಅದಕ್ಕಿಂತ ಕಮ್ಮಿ ಇರುವ 1:2,00,000ದ್ದು ತರಿಸಿದ್ರು. 2% ಲಿಗ್ನೊಕೇನ್ ಅಂದ್ರೆ ಒಂದು ಎಂಎಲ್‌ಗೆ 20 ಮಿಲಿಗ್ರಾಂ, ತೂಕ ನೋಡಿ ಲೆಕ್ಕ ಹಾಕಿ ಲಿಮಿಟ್‌ಗಿಂತ ಎಷ್ಟೋ ಕಮ್ಮಿ ಕೊಟ್ಟದ್ದು, ಸೂಜಿ ಹಾಕಿದ ಮೇಲೆ ಒಮ್ಮೆ ಹಿಂದೆ ಎಳ್ದು ರಕ್ತ ಬರ್ತದಾ ನೋಡಿ ನಿಧಾನಕ್ಕೆ. ಚೇರ್ ಪೂರ್ತಿ ಮಲಗಿಸ್ಲಿಲ್ಲ, ಅರ್ಧ ಕೂರಿಸಿಯೇ ಮಾಡಿದ್ರು, ಬೆರಳಿಗೆ ಆಕ್ಸಿಮೀಟರ್ ಬೇರೆ. ಇವನ ದವಡೆ ಬೇಗ ಸುಸ್ತಾಗ್ತದೆ ಅಂತ ನಡುನಡುವೆ ಬಾಯಿ ಮುಚ್ಲಿಕ್ಕೆ ಬಿಟ್ಟದ್ದು ನಂಗೆ ಭಾರೀ ಇಷ್ಟ ಆಯ್ತು. ಹಲ್ಲು ಕಿತ್ತು ಬಂದದ್ದೇ ಅವನಿಗೆ ಗೊತ್ತಾಗ್ಲಿಲ್ಲ.

ಬಿಲ್ ಸ್ವಲ್ಪ ಜಾಸ್ತಿಯೇ, ಆದ್ರೆ ಅಷ್ಟು ಹೊತ್ತು ಬೇರೆ ಪೇಷಂಟ್ ತಗೊಳ್ಳದೆ ಇವನೊಬ್ಬನಿಗೇ ಕೊಟ್ಟಿದ್ದಾರೆ, ನಾನಂತೂ ಚೌಕಾಸಿ ಮಾಡ್ಲಿಲ್ಲ.

ಇನ್ನು ಬೈಗುಳ. ರ‍್ಯಾಂಪ್ ಇಲ್ಲ! ರೋಡಿಂದ ಒಳಗೆ ಹೋಗ್ಲಿಕ್ಕೆ ಮೆಟ್ಟಿಲು, ಮಳೆಗೆ ಪಾಚಿ ಬೇರೆ, ಎರಡು ಜನ ಸೇರಿ ಚೇರ್ ಎತ್ಬೇಕಾಯ್ತು. ಟಾಯ್ಲೆಟ್ ಬಾಗಿಲಲ್ಲಿ ವೀಲ್‌ಚೇರ್ ಹಿಡಿಯುದೇ ಇಲ್ಲ. ಪಾರ್ಕಿಂಗ್ ಕೇಳ್ಲೇಬೇಡಿ. ಇಷ್ಟೆಲ್ಲ ಯೋಚನೆ ಮಾಡುವ ಡಾಕ್ಟ್ರಿಗೆ ಒಂದು ಹಲಗೆ ಹಾಕಿಸ್ಲಿಕ್ಕೆ ಎಂತ ಕಷ್ಟವೋ, ಒಂದು ಸ್ಟಾರ್ ಅದಕ್ಕೇ ಕಟ್.

ಹೋಗುವವ್ರು ಬೆಳಗ್ಗಿನ ಮೊದ್ಲ ಅಪಾಯಿಂಟ್‌ಮೆಂಟ್ ಕೇಳಿ, ಎಕೋ ರಿಪೋರ್ಟ್ ಹಿಡ್ಕೊಂಡು ಹೋಗಿ, ಸ್ಟೀರಾಯ್ಡ್ ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ, ಮತ್ತೆ ಚೇರ್ ಎತ್ಲಿಕ್ಕೆ ಗಟ್ಟಿ ಜನ ಒಬ್ರು ಜೊತೆಗಿರ್ಲಿ.