ಕೇಬಲ್ ಕ್ಲಚ್‌ನಿಂದ ಹೈಡ್ರಾಲಿಕ್‌ಗೆ: ಒಂದು ಪರಿವರ್ತನಾ ಕಿಟ್‌ನ ವಿಮರ್ಶೆ

ಕೇಬಲ್ ಕ್ಲಚ್ ಇರುವ ಹಳೆಯ ಕಾರಿಗೆ ಹೈಡ್ರಾಲಿಕ್ ಕ್ಲಚ್ ಕೂರಿಸುವ ಕಿಟ್‌ಗಳನ್ನು ಮಾರುವವರು ಪೆಡಲ್ ಹಗುರಾಗುತ್ತದೆ ಎಂಬುದನ್ನೇ ಮುಂದಿಟ್ಟು ಹೇಳುತ್ತಾರೆ. ನಾನು ಹಾಕಿಸಿಕೊಂಡ ಕಿಟ್ ಆ ಮಾತನ್ನು ಬಹುಮಟ್ಟಿಗೆ ಉಳಿಸಿಕೊಂಡಿದೆ. ಆದರೆ ಅದರ ನಿಜವಾದ ಗುಣವಿರುವುದು ಸಿಲಿಂಡರ್‌ಗಳ ಅಳತೆಯನ್ನು ಹೊಂದಿಸಿರುವ ರೀತಿಯಲ್ಲಿ. ಕೊರತೆಯಿರುವುದು ಅವನ್ನು ಹಿಡಿದು ನಿಲ್ಲಿಸುವ ತಗಡಿನಲ್ಲಿ.

ಎಣ್ಣೆ ತಾನಾಗಿ ಬಲವನ್ನು ಹುಟ್ಟಿಸುವುದಿಲ್ಲ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಎಣ್ಣೆಯನ್ನು ತಳ್ಳುತ್ತದೆ, ಆ ಎಣ್ಣೆ ಗೇರ್ ಬಾಕ್ಸ್ ಬಳಿಯ ಸ್ಲೇವ್ ಸಿಲಿಂಡರನ್ನು ಸರಿಸುತ್ತದೆ; ಬಲ ಎಷ್ಟು ಹೆಚ್ಚುತ್ತದೆಂಬುದು ಇವೆರಡರ ಅಳತೆಯ ಮೇಲಿದೆ. ಈ ಕಿಟ್‌ನ ಮಾಸ್ಟರ್ ಸಿಲಿಂಡರ್‌ನ ಒಳವ್ಯಾಸ 19.05 ಮಿ.ಮೀ., ಸ್ಲೇವ್ ಸಿಲಿಂಡರ್‌ನದು 22.2 ಮಿ.ಮೀ.; ಹಾಗಾಗಿ ಸ್ಲೇವ್‌ನಲ್ಲಿ ಬಲ ಸುಮಾರು 1.36 ಪಟ್ಟಾಗುತ್ತದೆ, ಚಲನೆ ಅಷ್ಟೇ ಪ್ರಮಾಣದಲ್ಲಿ ತಗ್ಗಿ, ಮಾಸ್ಟರ್ 30 ಮಿ.ಮೀ. ಸರಿದಾಗ ಸ್ಲೇವ್ 22 ಮಿ.ಮೀ. ಮಾತ್ರ ಸರಿಯುತ್ತದೆ. ಇನ್ನಷ್ಟು ಹಗುರಾಗಲೆಂದು 15.87 ಮಿ.ಮೀ. ಮಾಸ್ಟರ್ ಹಾಕಿದರೆ ಈ ಚಲನೆ 15 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ, ಆಗ ಕ್ಲಚ್ ಪೂರ್ತಿ ಬಿಡದೆ (ಎಂಜಿನ್‌ನಿಂದ ಗೇರ್ ಬಾಕ್ಸ್ ಪೂರ್ತಿ ಬೇರ್ಪಡದೆ), ರಿವರ್ಸ್ ಗೇರ್ ಹಾಕುವಾಗಲೆಲ್ಲ ಕರಕರ ಸದ್ದು ಕೇಳಬೇಕಾಗುತ್ತದೆ. ಆ ಆಸೆಗೆ ಬೀಳದೆ, ಕ್ಲಚ್ ಬಿಡಿಸುವ ಸನ್ನೆಯಾದ ಫೋರ್ಕಿಗೆ ಬೇಕಾದಷ್ಟು ಚಲನೆಯನ್ನು ಮೊದಲು ಲೆಕ್ಕ ಹಾಕಿ ಕಿಟ್ ಸಿದ್ಧಪಡಿಸಿದವರನ್ನು ಮೆಚ್ಚಲೇಬೇಕು.

ಕೇಬಲ್ ಫೋರ್ಕನ್ನು ಎಳೆಯುತ್ತದೆ, ಸಾಮಾನ್ಯ ಸ್ಲೇವ್ ತಳ್ಳುತ್ತದೆ. ಆದ್ದರಿಂದ ಸ್ಲೇವನ್ನು ಫೋರ್ಕಿನ ಆಚೆ ಬದಿಗೆ ಕೂರಿಸುವ ಬ್ರ್ಯಾಕೆಟ್ ಒಂದನ್ನು ಕೊಟ್ಟಿದ್ದಾರೆ. ಗೇರ್ ಬಾಕ್ಸ್‌ನ ಬೋಲ್ಟ್‌ಗಳಿಗೇ ಬಿಗಿಯಾಗುವ ಇದು ಗಟ್ಟಿಯಾಗಿದೆ. ಮಾಸ್ಟರ್ ಸಿಲಿಂಡರನ್ನು ಹಿಡಿಯುವ, ಪೆಡಲ್ ಕಡೆಯ ತಟ್ಟೆಯ ಬಗ್ಗೆ ಈ ಮಾತು ಹೇಳಲಾಗದು. ಕಾಲಿನ ಒತ್ತಡ ಪೆಡಲ್‌ನ ಸನ್ನೆಯಿಂದ ಹಲವು ಪಟ್ಟಾಗಿ ಮಾಸ್ಟರ್ ಸಿಲಿಂಡರಿಗೆ ತಲುಪುವುದರಿಂದ, ಅದನ್ನು ಕೂರಿಸಿದ ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆ) ತೆಳುವಾಗಿದ್ದರೆ ಪ್ರತಿ ಸಲ ಒತ್ತಿದಾಗಲೂ ಮುಂದಕ್ಕೆ ಬಾಗುತ್ತದೆ. ಹಾಗೆ ಬಾಗಿದಷ್ಟೂ ಚಲನೆ ನಷ್ಟವಾಗುತ್ತದೆ, ಕಾಲಾಂತರದಲ್ಲಿ ಲೋಹ ಬಿರುಕು ಬಿಡುತ್ತದೆ. ಕಿಟ್‌ನ ತಟ್ಟೆಗೆ ಬದಲಾಗಿ ದಪ್ಪ ಉಕ್ಕಿನ ತಟ್ಟೆಯನ್ನು ಮಾಡಿಸಿ, ಪೆಡಲ್ ಬಾಕ್ಸಿಗೂ ಸೇರಿಸಿ ಬಿಗಿಸಿದ ಮೇಲೆಯೇ ಪೆಡಲ್ ಸ್ಥಿರವಾಯಿತು.

ಜೊತೆಗೆ ಬಂದ ಸೂಚನಾಪತ್ರದಲ್ಲಿ ಎರಡು ಮುಖ್ಯ ಸಂಗತಿಗಳೇ ಇಲ್ಲ. ಮಾಸ್ಟರ್‌ನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದಾಗ ಮಾತ್ರ ಎಣ್ಣೆ ಡಬ್ಬಿಗೆ ಮರಳುವ ಸಣ್ಣ ರಂಧ್ರ ತೆರೆದುಕೊಳ್ಳುತ್ತದೆ. ಪೆಡಲ್‌ನಿಂದ ಪಿಸ್ಟನನ್ನು ತಳ್ಳುವ ಪುಶ್‌ರಾಡಿನಲ್ಲಿ ಸುಮಾರು 1 ಮಿ.ಮೀ. ಸಡಿಲ ಬಿಡದಿದ್ದರೆ, ಬಿಸಿಗೆ ಹಿಗ್ಗಿದ ಎಣ್ಣೆಯ ಒತ್ತಡ ಒಳಗೇ ಉಳಿದು ಕ್ಲಚ್ ಜಾರತೊಡಗುತ್ತದೆ. ಇನ್ನೊಂದು, ಪೆಡಲ್‌ಗೆ ತಡೆ. ಅಗತ್ಯಕ್ಕಿಂತ ಹೆಚ್ಚು ಒತ್ತಿದರೆ ಕ್ಲಚ್ ಪ್ಲೇಟನ್ನು ಅದುಮಿ ಹಿಡಿಯುವ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಮಿತಿ ಮೀರಿ ಬಾಗುವುದರಿಂದ, ಕ್ಲಚ್ ಬಿಟ್ಟ ಸ್ವಲ್ಪ ಆಚೆಗೇ ಪೆಡಲ್ ನಿಲ್ಲುವಂತೆ ಒಂದು ಬೋಲ್ಟ್ ಇಡುವುದು ಅವಶ್ಯ.

ಎಣ್ಣೆಯಲ್ಲಿ ಸಿಕ್ಕಿಕೊಂಡ ಏರ್ ತೆಗೆಯುವ ಕೆಲಸಕ್ಕೆ ತಾಳ್ಮೆ ಬೇಕು. ಗುಳ್ಳೆಗಳು ಮೇಲಕ್ಕೇ ಏರುವುದರಿಂದ ಸ್ಲೇವ್ ಕಡೆಯಿಂದ ಎಣ್ಣೆಯನ್ನು ಮೇಲಕ್ಕೆ ತಳ್ಳುವುದೇ ಸುಲಭ. ಡಾಟ್ 4 ಬ್ರೇಕ್ ಆಯಿಲ್ ಬಳಸಿ, ಪೇಂಟಿನ ಮೇಲೆ ಚೆಲ್ಲಿದರೆ ತಕ್ಷಣ ನೀರಿನಿಂದ ತೊಳೆಯಿರಿ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ಫಲಿತಾಂಶ ಸಂತೋಷ ಕೊಟ್ಟಿದೆ. ಟ್ರಾಫಿಕ್ಕಿನಲ್ಲಿ ಕಾಲು ಸೋಲುವುದಿಲ್ಲ, ಕ್ಲಚ್ ಹಿಡಿಯುವ ಜಾಗ ಪ್ರತಿ ಸಲವೂ ಒಂದೇ ಆಗಿರುತ್ತದೆ, ಪ್ಲೇಟ್ ಸವೆದಂತೆ ಕೇಬಲ್ ಬಿಗಿಸುವ ಕೆಲಸವೂ ಇಲ್ಲ. ಸ್ಲೇವ್‌ನ ಒಳಗಿನ ಸ್ಪ್ರಿಂಗ್ ಫೋರ್ಕ್ ಸರಿಸುವ ರಿಲೀಸ್ ಬೇರಿಂಗನ್ನು ಸದಾ ಪ್ರೆಶರ್ ಪ್ಲೇಟಿಗೆ ತಾಗಿಸಿಯೇ ಇಡುವುದರಿಂದ, ಹಾಗೆ ಸುತ್ತಲು ತಕ್ಕ ಬೇರಿಂಗ್ ನಿಮ್ಮ ಕಾರಿನಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಎಂಜಿನ್ ಬದಲಿಸಿ ಕೇಬಲ್ ಸೈಲೆನ್ಸರ್ ಪೈಪಿನ ಬಿಸಿಗೆ ಸಿಕ್ಕುತ್ತಿರುವವರಿಗೆ, ಬಿಗಿಯಾದ ಪ್ರೆಶರ್ ಪ್ಲೇಟ್ ಹಾಕಿಸಿದವರಿಗೆ ಈ ಕಿಟ್ ತಕ್ಕುದು. ಮೂಲ ಎಂಜಿನ್, ಮೂಲ ಕ್ಲಚ್ ಇರುವ ಕಾರಿನಲ್ಲಿ ಪೆಡಲ್ ಗಡುಸಾಗಿದ್ದರೆ ಮೊದಲು ಹೊಸ ಕೇಬಲ್ ಹಾಕಿ ನೋಡುವುದು ಮೇಲು.